ಎರಡು ಮಾರ್ಕ್ಸಿನ ಶೋಧಕ

ಹೋದ ತಿಂಗಳು ಊರಿಗೆ, ಅಂದ್ರೆ ತಿಳವಳ್ಳಿಗೆ ಹೋಗಿದ್ದೆ. ಬೆಳಗ್ಗೆ ಬೆಳಗ್ಗೆ ಅಣ್ಣನ ಮಗಳು ಕಟ್ಟೆ ಮೇಲೆ ಕೂತು ಗಣಿತ ಬಾಯಿಪಾಠ ಮಾಡ್ತಿದ್ದಳು. ಹೌದು, ನೀವು ಓದಿದ್ದು ಸರಿಯಾಗೇ ಇದೆ, ಗಣಿತಾನೇ! "ಶೋಧಕ ಸೊನ್ನೆಗಿಂತ ಹೆಚ್ಚಿದ್ದರೆ ಮೂಲಗಳು ವಾಸ್ತವ ಮತ್ತು ಭಿನ್ನ, ಸೊನ್ನೆ ಆದರೆ ವಾಸ್ತವ ಮತ್ತು ಸಮ, ಕಡಿಮೆಯಿದ್ದರೆ ವಾಸ್ತವ ಮೂಲಗಳಿಲ್ಲ..." ಥೇಟ್ ಮಗ್ಗಿ ಹೇಳಿದ ಹಾಗೆ. ಈ ಸಲ ಎಸ್ಸೆಸ್ಸೆಲ್ಸಿ ಅವಳದು.

"ಶೋಧಕ ಅಂದ್ರ ಏನವ್ವಾ?" ಅಂದೆ.

"ಬಿ ವರ್ಗ ಮೈನಸ್ ನಾಲ್ಕು ಎಸಿ."

"ಅದು ಎಲ್ಲಿಂದ ಬಂತು?"

"ಅದನ್ನೆಲ್ಲ ಕೇಳಂಗಿಲ್ಲ ಕಾಕಾ. ಎರಡು ಮಾರ್ಕ್ಸಿಂದು ಅದು."

ನಾನು ಸುಮ್ಮನಾದೆ. ನಾನೂ ಹಾಗೇ ಕಲಿತವನು ತಾನೆ.

ಅಷ್ಟರಲ್ಲಿ ಅಣ್ಣ ಬಂದ. ಹಿತ್ತಲಲ್ಲಿ ಕಾಯಿಪಲ್ಯ ಬೆಳೆಯೋ ಯೋಚನೆ ಅವನದು. "130 ಅಡಿ ತಂತಿ ಐತಿ, ಸರೀ ಒಂದು ಗುಂಟೆಗೆ ಸುತ್ತ ಬೇಲಿ ಹಾಕಿಬಿಡೂಣು" ಅಂದ. ನನಗೆ ಒಳ್ಳೇ ಲೆಕ್ಕ ಸಿಕ್ಕ ಹಾಗಾಯ್ತು. ಒಂದು ಗುಂಟೆ ಅಂದ್ರೆ 1089 ಚದರ ಅಡಿ. ಆಯತಾಕಾರದ ಜಾಗ, ಸುತ್ತಳತೆ 130. ಹಾಗಾದ್ರೆ ಉದ್ದ, ಅಗಲ ಕೂಡಿದರೆ 65 ಆಗಬೇಕು, ಗುಣಿಸಿದರೆ 1089 ಆಗಬೇಕು. ಹುಡುಗಿಗೆ ಕೊಟ್ಟೆ.

ಅವಳು ಚಕಚಕ ಬರೆದಳು. ಎಕ್ಸ್ ವರ್ಗ ಮೈನಸ್ 65 ಎಕ್ಸ್ ಪ್ಲಸ್ 1089, ಸಮ ಸೊನ್ನೆ. 65ರ ವರ್ಗ 4225, ಅದರಲ್ಲಿ 1089ರ ನಾಲ್ಕು ಪಟ್ಟು 4356 ಕಳೆದರೆ ಮೈನಸ್ 131. "ವಾಸ್ತವ ಮೂಲಗಳಿಲ್ಲ" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಳು. ಎರಡು ಮಾರ್ಕ್ಸು ಗ್ಯಾರಂಟಿ!

"ಹಂಗಾರ ಅಪ್ಪಗ ಏನು ಹೇಳ್ತಿ?" ಅಂದೆ.

ಅವಳು ಪುಸ್ತಕ ನೋಡಿದಳು, ನನ್ನನ್ನ ನೋಡಿದಳು. "ಮೈನಸ್ ಬಂದೈತಲ್ಲ, ಎಲ್ಲೋ ತಪ್ಪಾಗೇತಿ ಕಾಕಾ" ಅಂತ ಅಳಿಸೋಕೆ ರಬ್ಬರ್ ಹುಡುಕತೊಡಗಿದಳು.

ಸ್ನೇಹಿತರೇ, ಈ ಬರಹ ಬರೀತಿರೋದೇ ಆ ರಬ್ಬರಿನ ಸಲುವಾಗಿ. ಸರಿಯಾದ ಉತ್ತರ ಕೈಯಲ್ಲಿದೆ, ಆದರೆ ಅದು ಉತ್ತರ ಅಂತ ಗೊತ್ತಿಲ್ಲ. "ಆಗಲ್ಲ" ಅನ್ನೋದೂ ಒಂದು ಉತ್ತರ ಅಂತ ಯಾರೂ ಹೇಳಿಕೊಟ್ಟಿಲ್ಲ.

ಆಮೇಲೆ ಇಬ್ಬರೂ ನೆಲದ ಮೇಲೆ ಗೆರೆ ಎಳೆದು ನೋಡಿದೆವು. ಸರಿಯಾಗಿ ಚೌಕ ಮಾಡಿದರೆ ಒಂದೊಂದು ಬದಿ 32.5 ಅಡಿ. ಒಂದು ಬದಿ ಎಷ್ಟು ಉದ್ದ ಆಗುತ್ತೋ ಪಕ್ಕದ್ದು ಅಷ್ಟೇ ಗಿಡ್ಡ ಆಗಲೇಬೇಕು. ಆ ವ್ಯತ್ಯಾಸಕ್ಕೆ ಟಿ ಅನ್ನೋಣ. ಆಗ ಕ್ಷೇತ್ರಫಲ 1056.25ರಲ್ಲಿ ಟಿ ವರ್ಗ ಕಳೆದಷ್ಟು. ಏನೇ ತಿಪ್ಪರಲಾಗ ಹಾಕಿದರೂ 1056.25 ದಾಟೋದಿಲ್ಲ. 1089 ಬೇಕು ಅಂದ್ರೆ ಟಿ ವರ್ಗ ಮೈನಸ್ 32.75 ಆಗಬೇಕು. ಅದರ ನಾಲ್ಕು ಪಟ್ಟು ಎಷ್ಟು? ಮೈನಸ್ 131. ಅದೇ ನಮ್ಮ ಶೋಧಕ! ಆಕಾಶದಿಂದ ಉದುರಿದ್ದಲ್ಲ, ಹಿತ್ತಲಲ್ಲೇ ಇತ್ತು.

ಹುಡುಗಿಗೆ ಹುರುಪು ಬಂತು. ಶೋಧಕ ಸೊನ್ನೆ ಆಗಬೇಕಾದ್ರೆ ಎಷ್ಟು ತಂತಿ ಬೇಕು ಅಂತ ತಾನೇ ಲೆಕ್ಕ ಹಾಕಿ ಕೂಗಿದಳು. "ಅಪ್ಪಾ, ಇನ್ನೆರಡು ಅಡಿ ತಂತಿ ತಗೊಂಡು ಬಾ!" 132 ಅಡಿ ಇದ್ದರೆ 33ಕ್ಕೆ 33, ಸರೀ ಒಂದು ಗುಂಟೆ. ಎರಡು ಮೂಲಗಳೂ ಸಮ. ಅದೇ 220 ಅಡಿ ಇದ್ದರೆ 99ಕ್ಕೆ 11ರ ಉದ್ದನೆ ಪಟ್ಟಿಯೂ ಒಂದು ಗುಂಟೆಯೇ. ಮೂಲಗಳು ಭಿನ್ನ. ಬೆಳಗ್ಗೆ ಬಾಯಿಪಾಠ ಮಾಡಿದ ಮೂರೂ ಸಾಲು ಬೇಲಿಯಾಗಿ ನಿಂತವು.

ನಾವು ಗೆರೆ ಎಳೆದು ಮಾಡಿದ್ದಕ್ಕೆ ಪುಸ್ತಕದಲ್ಲಿ ವರ್ಗವನ್ನು ಪೂರ್ಣಗೊಳಿಸುವ ವಿಧಾನ ಅಂತ ಹೆಸರು. 2022ರಲ್ಲಿ ಪಠ್ಯದ ಹೊರೆ ಇಳಿಸುವಾಗ ಎನ್‌ಸಿಇಆರ್‌ಟಿ ಹತ್ತನೇ ತರಗತಿಯಿಂದ ಕೈಬಿಟ್ಟಿದ್ದು ಇದನ್ನೇ. ಸೂತ್ರ ಉಳಿಯಿತು, ಶೋಧಕ ಉಳಿಯಿತು, ಅವು ಹುಟ್ಟಿದ ಜಾಗ ಹೋಯಿತು. ಕೊರೋನಾದಲ್ಲಿ ತರಗತಿಗಳೇ ನಡೆಯದಿದ್ದಾಗ ಹೊರೆ ಇಳಿಸಬೇಕಿತ್ತು, ಒಪ್ಪುತ್ತೇನೆ. ಆದರೆ ಇದು ಹೊರೆ ಇಳಿಸಿದ್ದೋ, ಅರ್ಥ ಇಳಿಸಿದ್ದೋ? ಅರ್ಥ ಆಗದ್ದನ್ನ ಬಾಯಿಪಾಠ ಮಾಡೋದೇ ದೊಡ್ಡ ಹೊರೆ. ಟ್ಯೂಷನ್ ಇರೋ ಮಕ್ಕಳಿಗೆ ಯಾರಾದ್ರೂ ಹೇಳಿಕೊಟ್ಟಾರು. ಪುಸ್ತಕ ಒಂದನ್ನೇ ನಂಬಿದ ಹಳ್ಳಿ ಮಕ್ಕಳ ಗತಿ? ಇನ್ನು ಪುಸ್ತಕದಲ್ಲಿ ಇದ್ದರೂ ಅಷ್ಟೇ, ಪರೀಕ್ಷೆಗೆ ಬರಲ್ಲ ಅಂದ್ರೆ ಆ ಪುಟ ತಿರುಗಿಸಿಬಿಡೋದು ನಮ್ಮ ಹಳೇ ಚಾಳಿ.

ಇದು ಪರದೇಶದ ವಿದ್ಯೆಯೂ ಅಲ್ಲ. ನಮ್ಮೂರ ಶಾಂತೇಶ್ವರ ಗುಡಿ 13ನೇ ಶತಮಾನದ್ದು. ಅದಕ್ಕೂ ಸುಮಾರು ನಾಲ್ಕು ನೂರು ವರ್ಷ ಮೊದಲೇ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಆಗಿನ ರಾಜಧಾನಿ ಮಾನ್ಯಖೇಟ ಅಂದ್ರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಋಣ ಸಂಖ್ಯೆ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಮುಂದೆ ಪಿಯುಸಿಯಲ್ಲಿ ಕಾಂಪ್ಲೆಕ್ಸ್ ನಂಬರ್ ಬಂದು ಅದಕ್ಕೂ ಮೂಲ ಕೊಡುತ್ತೆ, ಸರಿ. ಆದರೆ ಅದನ್ನ ಹಿಡಿದು ಬೇಲಿ ಹಾಕೋಕಾಗಲ್ಲ.

'ಶೋಧಕ' ಎಷ್ಟು ಚೆಂದದ ಪದ ನೋಡಿ! ಗುಂಡಿ ತೋಡೋಕೆ ಮೊದಲೇ ಹುಡುಕಿ ಹೇಳುವವ. ತಂತಿ ಸಾಲಲ್ಲ ಅಂತ ಗೂಟ ಹೊಡೆದ ಮೇಲೆ ತಿಳಿಯೋದಕ್ಕಿಂತ ಮೊದಲೇ ತಿಳಿಯೋದು ಜಾಣತನ ಅಲ್ವಾ? ಮೇಷ್ಟ್ರುಗಳೇ, ಒಂದೇ ಒಂದು ಪೀರಿಯಡ್ಡು ಕೊಡಿ, ಸಾಕು. ಮಕ್ಕಳನ್ನ ಅಂಗಳಕ್ಕೆ ಕರ್ಕೊಂಡು ಹೋಗಿ, ಕೈಗೆ ಒಂದು ಹಗ್ಗ ಕೊಡಿ.

ಅಂದಹಾಗೆ, ಅಣ್ಣ ಎರಡು ಅಡಿ ತಂತಿ ತರಲಿಲ್ಲ. "ಮೂವತ್ತಮೂರು ಅಡಿ ಕಡಿಮಿ ಆದ್ರ ಬದ್ನಿಕಾಯಿ ಬಿಡಂಗಿಲ್ಲೇನು?" ಅಂತ ಹೇಳಿ ಮೊನ್ನೆ ಗೂಟ ನೆಟ್ಟನಂತೆ. ಅದು ಸರಿ ಬಿಡಿ. ಹುಡುಗಿ ಮಾತ್ರ ಈಗ ಮೈನಸ್ ಬಂದ್ರೆ ರಬ್ಬರ್ ಹುಡುಕೋದಿಲ್ಲ.

ನಿಮಗೆ ಯಾರಾದ್ರೂ ಶೋಧಕ ಎಲ್ಲಿಂದ ಬಂತು ಅಂತ ಹೇಳಿಕೊಟ್ಟಿದ್ರಾ?