ಡೊಂಕು ನೆಲದ್ದೋ, ಕುಣಿತದ್ದೋ?

ಕ್ಯಾಮೆರಾ ಹಿಡಿಯಲು ಕಲಿತ ಮಕ್ಕಳು ವರ್ಷ ತುಂಬುವುದರೊಳಗೆ ಎರಡನೆಯ ಲೆನ್ಸಿನ ಮಾತು ತೆಗೆಯುತ್ತಾರೆ. ಇದ್ದ ಲೆನ್ಸಿನಲ್ಲಿ ಗೋಪುರ ಬಂದರೆ ಬಾಗಿಲು ಬರುವುದಿಲ್ಲ. ಚಿಕ್ಕ ಕೋಣೆಯಲ್ಲಿ ಅಜ್ಜಿ ಬಂದರೆ ಅತ್ತೆ ಬರುವುದಿಲ್ಲ. ಅಗಲ ನೋಟದ ಲೆನ್ಸ್, ಅಂದರೆ ವೈಡ್ ಆ್ಯಂಗಲ್ ಬೇಕೇ ಬೇಕು. ಹೊಸದರ ಬೆಲೆ ಕೇಳಿದ ತಂದೆ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಕೊನೆಗೆ ಮಾತು ಹಳೆಯದೊಂದರ ಮೇಲೆ ಬಂದು ನಿಲ್ಲುತ್ತದೆ: ತಾನಾಗಿ ಫೋಕಸ್ ಮಾಡಿಕೊಳ್ಳದ, ಕೈಯಿಂದ ಉಂಗುರ ತಿರುಗಿಸಬೇಕಾದ, ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕ ಲೆನ್ಸ್. ಮಾರುವವರು, 'ಎರಡು ದಿನ ಇಟ್ಟುಕೊಂಡು ನೋಡಿ, ಬೇಡವಾದರೆ ವಾಪಸು ಕೊಡಿ' ಎನ್ನುತ್ತಾರೆ.

ಆ ಎರಡು ದಿನದಲ್ಲಿ ಏನು ನೋಡಬೇಕು? ಹೆಚ್ಚಿನವರು ಮಾಡುವುದಿಷ್ಟು: ನಾಲ್ಕು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಹಿಗ್ಗಿಸುತ್ತಾರೆ. ಮೂಲೆ ಮಸುಕಾಗಿದ್ದರೆ ಲೆನ್ಸ್ ಕೆಟ್ಟದ್ದು, ಇಲ್ಲವಾದರೆ ಪರವಾಗಿಲ್ಲ. ಈ ತೀರ್ಪಿನಲ್ಲಿ ಒಳ್ಳೆಯ ಲೆನ್ಸ್ ವಾಪಸು ಹೋಗುವುದೂ ಉಂಟು, ಕೆಟ್ಟದ್ದು ಮನೆಯಲ್ಲೇ ಉಳಿಯುವುದೂ ಉಂಟು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿನ ತೊಡಕೇನೆಂದರೆ, ಕೆಲವೊಮ್ಮೆ ನೆಲವೂ ನಿಜವಾಗಿ ಡೊಂಕಾಗಿರುತ್ತದೆ. ಯಾವುದು ಲೆನ್ಸಿನ ತಪ್ಪು, ಯಾವುದು ಹಿಡಿದವರ ತಪ್ಪು, ಯಾವುದು ಯಾರ ತಪ್ಪೂ ಅಲ್ಲ ಎಂದು ಬಿಡಿಸಿ ನೋಡುವುದೇ ನಿಜವಾದ ಪರೀಕ್ಷೆ.

ಒಂದು ಲೆನ್ಸನ್ನು ಎದುರಿಗಿಟ್ಟುಕೊಂಡರೆ ಮಾತು ಸುಲಭವಾಗುತ್ತದೆ. ಜಪಾನಿನ ಕೊಸಿನಾ ಕಂಪನಿ ಫೋಗ್ಟ್‌ಲ್ಯಾಂಡರ್ ಎಂಬ ಹೆಸರಿನಲ್ಲಿ ತಯಾರಿಸಿದ 'ಕಲರ್ ಸ್ಕೋಪಾರ್' ಲೆನ್ಸ್ ಅಂಥದು. ಸಂಗಮದೂರ 20 ಮಿ.ಮೀ., ಪೂರ್ಣ ತೆರೆದಾಗಿನ ರಂಧ್ರ ಎಫ್/3.5. ಉದ್ದ 3 ಸೆಂಟಿಮೀಟರಿಗಿಂತ ಕಡಿಮೆ, ತೂಕ ಸುಮಾರು 200 ಗ್ರಾಂ. ಒಳಗೆ 6 ಗುಂಪುಗಳಾಗಿ ಜೋಡಿಸಿದ 9 ಗಾಜುಗಳಿವೆ. ಕೊಸಿನಾ ಈ ಹೆಸರನ್ನು ಬಳಸತೊಡಗಿದ್ದು 1999ರಲ್ಲಿ. ಹೆಸರು ಮಾತ್ರ 1756ರಷ್ಟು ಹಳೆಯದು, ವಿಯೆನ್ನಾ ನಗರದ್ದು. 1840ರಲ್ಲಿ ಗಣಿತದ ಪ್ರಾಧ್ಯಾಪಕ ಯೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿಕೊಟ್ಟ ಲೆನ್ಸನ್ನು ಗಾಜಿನಲ್ಲಿ ಕಡೆದು ಕೊಟ್ಟವರು ಇದೇ ಫೋಗ್ಟ್‌ಲ್ಯಾಂಡರ್ ಮನೆತನದವರು. ಹಿಂದಿನವುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಿದ್ದ ಆ ಲೆನ್ಸಿನಿಂದ ಭಾವಚಿತ್ರ ತೆಗೆಯುವುದು ಸುಲಭವಾಯಿತು. ಅದರ ಚಿತ್ರ ನಡುವೆ ಬಹಳ ಸ್ಪಷ್ಟ, ಅಂಚಿನಲ್ಲಿ ಮಸುಕು. ಯಾರೂ ದೂರಲಿಲ್ಲ. ಮುಖ ಇರುವುದು ನಡುವೆ ತಾನೇ?

ಅಗಲ ನೋಟದ ಲೆನ್ಸಿಗೆ ಈ ರಿಯಾಯಿತಿ ಸಿಗುವುದಿಲ್ಲ. ಅದನ್ನು ಕೊಳ್ಳುವುದೇ ಅಂಚಿಗಾಗಿ. 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಫಿಲಂ ಅಥವಾ ಸಂವೇದಕದ ಮೇಲೆ 50 ಮಿ.ಮೀ. ಲೆನ್ಸ್ ಮೂಲೆಯಿಂದ ಮೂಲೆಗೆ ಸುಮಾರು 47 ಡಿಗ್ರಿ ನೋಡಿದರೆ, 20 ಮಿ.ಮೀ. ಲೆನ್ಸ್ ಅದರ ಇಮ್ಮಡಿ, 94 ಡಿಗ್ರಿ ನೋಡುತ್ತದೆ. ಇನ್ನೊಂದು ಕಷ್ಟ ಕನ್ನಡಿಯದು. ನಿಕಾನ್‌ನಂಥ ಕನ್ನಡಿ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಅಂಚಿನಿಂದ ಫಿಲಮ್ಮಿಗೆ 46.5 ಮಿ.ಮೀ. ದೂರವಿದೆ. ಪ್ರಯೋಗಶಾಲೆಯ ಪೀನ ಮಸೂರದಂತೆ ಈ ಲೆನ್ಸೂ ದೂರದ ವಸ್ತುವಿನ ಬಿಂಬವನ್ನು 20 ಮಿ.ಮೀ. ಹಿಂದೆ ಮೂಡಿಸುವುದಾದರೆ ಕನ್ನಡಿ ಏಳಲು ಜಾಗವೇ ಇಲ್ಲ. ಹಾಗಾಗಿ ಮುಂದೆ ಬೆಳಕನ್ನು ಚದುರಿಸುವ ಗಾಜು, ಹಿಂದೆ ಕೂಡಿಸುವ ಗಾಜು ಇಟ್ಟು ಬಿಂಬವನ್ನು ದೂರ ತಳ್ಳುತ್ತಾರೆ. ಫ್ರಾನ್ಸಿನ ಪಿಯೆರ್ ಆಂಜೆನ್ಯೂ 1950ರಲ್ಲಿ ಇಂಥ ಲೆನ್ಸನ್ನು 'ರೆಟ್ರೋಫೋಕಸ್' ಎಂದು ಕರೆದ. ಈ ಏರ್ಪಾಟಿನಲ್ಲಿ ಮುಂದಿನ ಗಾಜು ದೊಡ್ಡದಾಗಲು ಹವಣಿಸುತ್ತದೆ. ನಿಕಾನ್‌ನ 20 ಮಿ.ಮೀ. ಎಫ್/2.8 ಲೆನ್ಸಿಗೆ 62 ಮಿ.ಮೀ. ಫಿಲ್ಟರ್ ಬೇಕು, ಕಲರ್ ಸ್ಕೋಪಾರಿಗೆ 52 ಸಾಕು. ಆ 10 ಮಿ.ಮೀ. ಉಳಿತಾಯಕ್ಕೆ ಎಲ್ಲಿಯಾದರೂ ಬೆಲೆ ತೆರಬೇಕಲ್ಲ!

ತೆರುವುದು ಮೊದಲು ಮೂಲೆಗಳ ಬೆಳಕಿನಲ್ಲಿ. ಓರೆಯಾಗಿ ಬರುವ ಬೆಳಕು, ಕೋನದ ಕೊಸೈನ್‌ನ ನಾಲ್ಕನೆಯ ಘಾತದಂತೆ ಕುಗ್ಗುತ್ತದೆಂದು ಒಂದು ನಿಯಮವಿದೆ. ಅರ್ಧ ಕೋನ 47 ಡಿಗ್ರಿ, ಅದರ ಕೊಸೈನ್ 0.68. ನಾಲ್ಕು ಸಲ ಗುಣಿಸಿದರೆ 0.21. ನಡುವೆ 100 ಪಾಲು ಬೆಳಕು ಬಿದ್ದರೆ ಮೂಲೆಗೆ 21 ಪಾಲು! ರೆಟ್ರೋಫೋಕಸ್ ರಚನೆ ಈ ನಷ್ಟವನ್ನು ಸ್ವಲ್ಪ ತುಂಬಿಕೊಡುತ್ತದೆ, ಪೂರ್ತಿ ಅಲ್ಲ. ಇದರ ಮೇಲೆ ಲೆನ್ಸಿನ ಚೌಕಟ್ಟೇ ಅಡ್ಡ ಬರುತ್ತದೆ. ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ, ರಂಧ್ರವನ್ನು ಪೂರ್ಣ ತೆರೆದು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓರೆ ಮಾಡಿದರೆ ಇದು ಬರಿಗಣ್ಣಿಗೇ ಕಾಣುತ್ತದೆ: ದುಂಡಗಿದ್ದ ಬೆಳಕಿನ ಬಿಲ್ಲೆ ಬೆಕ್ಕಿನ ಕಣ್ಣಿನಂತೆ ಸೊರಗುತ್ತದೆ. ರಂಧ್ರವನ್ನು ಎಫ್/8ಕ್ಕೆ ಕಿರಿದು ಮಾಡಿದರೆ ಓರೆ ಮಾಡಿದರೂ ಬಿಲ್ಲೆ ಬಹುಮಟ್ಟಿಗೆ ಇಡಿಯಾಗಿ ಉಳಿಯುತ್ತದೆ. ಪೂರ್ಣ ತೆರೆದಾಗ ಮೂಲೆ ಕಪ್ಪಾಗುವುದು ಚಿಕ್ಕ ಲೆನ್ಸಿನ ಜಾಯಮಾನ. ಅದನ್ನು ರೋಗವೆಂದು ಬರೆಯುವುದು ಅನ್ಯಾಯ.

ಯಾರ ತಪ್ಪೂ ಅಲ್ಲದ್ದು ಇನ್ನೊಂದಿದೆ. ಶಾಲೆಯ ಗ್ರೂಪ್ ಫೋಟೋವನ್ನು ಈ ಲೆನ್ಸಿನಲ್ಲಿ ಹತ್ತಿರದಿಂದ ತೆಗೆದರೆ ಸಾಲಿನ ತುದಿಯಲ್ಲಿ ನಿಂತವರ ತಲೆ ಕುಂಬಳಕಾಯಿಯಾಗುತ್ತದೆ. ಚಿತ್ರದ ಪಕ್ಕದಂಚಿಗೆ 42 ಡಿಗ್ರಿ ಕೋನ. ಅಲ್ಲಿರುವ ದುಂಡು ವಸ್ತು, ತನ್ನ ಎತ್ತರಕ್ಕೆ ಹೋಲಿಸಿದರೆ, ಅಡ್ಡಕ್ಕೆ ಸುಮಾರು 1.35 ಪಟ್ಟು ಹಿಗ್ಗುತ್ತದೆ. ಸರಳರೇಖೆಯನ್ನು ಸರಳರೇಖೆಯಾಗಿಯೇ ಚಪ್ಪಟೆ ಹಾಳೆಯ ಮೇಲೆ ಇಳಿಸಬೇಕೆಂದರೆ ರೇಖಾಗಣಿತ ಕೇಳುವ ಸುಂಕ ಇದು. ಎಷ್ಟು ದುಬಾರಿ ಲೆನ್ಸೂ ಈ ಸುಂಕ ತಪ್ಪಿಸಲಾರದು. ಗೋಡೆಯ ಇಟ್ಟಿಗೆ ಸಾಲು ಬಿಲ್ಲಿನಂತೆ ಬಾಗಿ ಬಂದರೆ ಮಾತ್ರ ಅದು ಲೆನ್ಸಿನ ಲೆಕ್ಕಕ್ಕೆ. ಸರಳವಾಗಿ ಬಾಗಿದ್ದರೆ ಕಂಪ್ಯೂಟರಿನಲ್ಲಿ ನೇರ ಮಾಡಬಹುದು. ಮೀಸೆಯಂತೆ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಬಳುಕಿದ್ದರೆ ಅದು ತುಸು ತಲೆನೋವು.

ಈಗ ಎಲ್ಲರೂ ಮಾಡುವ ಗೋಡೆ ಪರೀಕ್ಷೆಗೆ ಬರೋಣ. ಗೋಡೆಗೆ ಪತ್ರಿಕೆಯ ಹಾಳೆಗಳನ್ನು ಅಂಟಿಸಿ, ಸಣ್ಣ ಅಕ್ಷರ ಮೂಲೆಯಲ್ಲೂ ಓದಲು ಬರುತ್ತದೆಯೇ ಎಂದು ನೋಡುವುದು. ಉಪಾಯ ಕೆಟ್ಟದ್ದಲ್ಲ, ಆದರೆ ಲೆಕ್ಕವೊಂದನ್ನು ಮರೆಯುತ್ತಾರೆ. 1.8 ಮೀಟರ್ ಅಗಲದ ಗೋಡೆ 36 ಮಿ.ಮೀ. ಅಗಲದಲ್ಲಿ ತುಂಬಬೇಕಾದರೆ ಬಿಂಬ 50ರಲ್ಲಿ ಒಂದು ಪಾಲಿಗೆ ಇಳಿಯಬೇಕು. 20 ಮಿ.ಮೀ. ಲೆನ್ಸಿಗೆ ಆಗ ಗೋಡೆ ಕೇವಲ 1 ಮೀಟರ್ ದೂರದಲ್ಲಿರುತ್ತದೆ. ಬೆಟ್ಟ, ಬಯಲು, ಕೆರೆ ತೆಗೆಯಲೆಂದು ಕೊಳ್ಳುವ ಲೆನ್ಸಿನ ಪರೀಕ್ಷೆ ನಡೆಯುವುದು ಒಂದು ಮೀಟರಿನಲ್ಲಿ! ಅಷ್ಟು ಹತ್ತಿರದಲ್ಲಿ ಕ್ಯಾಮೆರಾ ಎರಡು ಬೆರಳಷ್ಟು ಓರೆಯಾದರೂ ಗೋಡೆಯ ಒಂದು ಬದಿ ಹತ್ತಿರ, ಇನ್ನೊಂದು ದೂರ. ಒಂದು ಬದಿ ಮಸುಕಾಗುತ್ತದೆ, ದೂರು ಲೆನ್ಸಿನ ಮೇಲೆ ಬೀಳುತ್ತದೆ.

ಇದಕ್ಕಿಂತ ಒಳ್ಳೆಯ ಪರೀಕ್ಷೆಗೆ ಗೋಡೆಯೂ ಬೇಡ, ಪತ್ರಿಕೆಯೂ ಬೇಡ. ಮಹಡಿ ಹತ್ತಿ, ಇನ್ನೂರು ಮುನ್ನೂರು ಮೀಟರ್ ಆಚೆಯ ನೀರಿನ ಟ್ಯಾಂಕನ್ನೋ ಮೊಬೈಲ್ ಗೋಪುರವನ್ನೋ ಆರಿಸಿಕೊಂಡರೆ ಆಯಿತು. ಸ್ಟ್ಯಾಂಡಿನ ಮೇಲಿಟ್ಟ ಕ್ಯಾಮೆರಾದಲ್ಲಿ ಅದನ್ನು ಮೊದಲು ನಡುವೆ ಇಟ್ಟು ಫೋಕಸ್ ಮಾಡಬೇಕು. ಆಮೇಲೆ ಉಂಗುರ ಮುಟ್ಟಕೂಡದು. ಅದೇ ಟ್ಯಾಂಕು ಚಿತ್ರದ ನಾಲ್ಕೂ ಮೂಲೆಗಳಿಗೆ ಒಂದೊಂದು ಸಲ ಬರುವಂತೆ ನಾಲ್ಕು ಚಿತ್ರ. ವಸ್ತು ಒಂದೇ, ಬೆಳಕು ಒಂದೇ, ದೂರ ಒಂದೇ. ಬದಲಾಗುವುದು ಲೆನ್ಸಿನ ಮೂಲೆಯೊಂದೇ. ವಿಜ್ಞಾನದ ಪಾಠದಲ್ಲಿ ಹೇಳುವ 'ಉಳಿದುದೆಲ್ಲ ಸ್ಥಿರ' ಎಂಬುದು ಇದೇ.

ನಾಲ್ಕೂ ಮೂಲೆ ಸಮವಾಗಿ ಮೆತ್ತಗಿದ್ದರೆ ಅದು ಆ ಮಾದರಿಯ ಗುಣ. ಅದೇ ಮಾದರಿಯ ಇನ್ನೊಂದು ತಂದರೂ ಹೆಚ್ಚುಕಡಿಮೆ ಹಾಗೆಯೇ. ಮೂರು ಚೆನ್ನಾಗಿದ್ದು ಒಂದು ಮಾತ್ರ ಕೆಟ್ಟಿದ್ದರೆ? ಎಲ್ಲೋ ಒಂದು ಗಾಜು ತನ್ನ ಸ್ಥಾನದಿಂದ ಕದಲಿದೆ ಎಂಬ ಗುಮಾನಿ ಏಳುತ್ತದೆ. ಕೈಜಾರಿ ಬಿದ್ದಿರಬಹುದು, ಯಾರೋ ಬಿಚ್ಚಿ ಜೋಡಿಸಿರಬಹುದು. ಖಚಿತವಾಗಲು ಕ್ಯಾಮೆರಾವನ್ನು ತಲೆಕೆಳಗು ಮಾಡಿ ಅದೇ ದೃಶ್ಯವನ್ನು ಇನ್ನೊಮ್ಮೆ ತೆಗೆಯಬೇಕು. ಮಸುಕು ದೃಶ್ಯದ ಎದುರು ಮೂಲೆಗೆ ನೆಗೆದರೆ ದೋಷ ಉಪಕರಣದ್ದು. ದೃಶ್ಯದಲ್ಲಿ ಇದ್ದಲ್ಲೇ ಇದ್ದರೆ ಲೆನ್ಸ್ ನಿರಪರಾಧಿ. ಅಲ್ಲಿ ಮಂಜೋ ಗಾಳಿಗೆ ಅಲ್ಲಾಡುವ ಎಲೆಯೋ ಇರಬಹುದು. ದೋಷ ನೆಗೆದಾಗಲೂ ಇನ್ನೊಂದು ಲೆನ್ಸ್ ಹಾಕಿ ನೋಡುವುದು ಒಳ್ಳೆಯದು. ಕ್ಯಾಮೆರಾದ ಕೊರಳೇ ಸೊಟ್ಟಗಿದ್ದರೆ ಎರಡೂ ಲೆನ್ಸ್ ಒಂದೇ ದೂರು ಹೇಳುತ್ತವೆ. ಇಷ್ಟು ಮಾಡಲು ಅರ್ಧ ಗಂಟೆ ಸಾಕು, ಪೈಸೆ ಖರ್ಚಿಲ್ಲ.

ಕೈಯಿಂದ ಫೋಕಸ್ ಮಾಡುವ ಲೆನ್ಸಿನಲ್ಲಿ ಅತಿ ಹೆಚ್ಚು ಮೋಸ ಹೋಗುವ ಜಾಗ ಉಂಗುರದ ಪಕ್ಕದ ಗೀಟುಗಳು. 20 ಮಿ.ಮೀ. ಲೆನ್ಸನ್ನು ಎಫ್/8ರಲ್ಲಿ 1.7 ಮೀಟರಿಗೆ ನಿಲ್ಲಿಸಿದರೆ 85 ಸೆಂಟಿಮೀಟರಿನಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟ ಎಂದು ಆ ಗೀಟುಗಳ ಭರವಸೆ. ಫಿಲಂ ಕಾಲದಲ್ಲಿ 0.03 ಮಿ.ಮೀ.ವರೆಗಿನ ಮಸುಕನ್ನು ಕಣ್ಣು ಕ್ಷಮಿಸುತ್ತದೆ ಎಂದು ಹಾಕಿದ ಲೆಕ್ಕ ಅದು. 24 ಮೆಗಾಪಿಕ್ಸೆಲ್ ಸಂವೇದಕದ ಒಂದೊಂದು ಚುಕ್ಕೆ 0.006 ಮಿ.ಮೀ. ಅಷ್ಟು ಹಿಗ್ಗಿಸಿ ನೋಡುವವರಿಗೆ ಅದೇ ಭರವಸೆ ಬೇಕಾದರೆ 1.7ರ ಬದಲು 8 ಮೀಟರಿಗೂ ಆಚೆ ಫೋಕಸ್ ಇಡಬೇಕು. ಬೆಟ್ಟದ ಮರ ಮಸುಕಾಗಿ ಬಂದದ್ದಕ್ಕೆ ಎಷ್ಟೋ ಸಲ ಕಾರಣ ಗಾಜಲ್ಲ, ಗೀಟು.

ರಂಧ್ರವನ್ನೂ ಒಂದೊಂದೇ ಮೆಟ್ಟಿಲು ಇಳಿಸುತ್ತ ಹೋಗಬೇಕು. ಪೂರ್ಣ ತೆರೆದಾಗ ಮೂಲೆ ಸೋತಿದ್ದರೆ ಎಫ್/8ರ ಹೊತ್ತಿಗೆ ಚೇತರಿಸಿಕೊಂಡಿತೇ ಎಂಬುದು ಮುಖ್ಯ. ಹಾಗೆಂದು ಎಫ್/16ಕ್ಕೆ, 22ಕ್ಕೆ ಹೋದರೆ ಇನ್ನೂ ಒಳ್ಳೆಯದಾಗುತ್ತದೆ ಎಂದಲ್ಲ. ಕಿರಿದಾದ ರಂಧ್ರದಲ್ಲಿ ಬೆಳಕು ವಿವರ್ತನೆಗೊಂಡು ಹರಡುತ್ತದೆ. ಎಫ್/16ರಲ್ಲಿ ಒಂದು ಬಿಂದು ಸುಮಾರು 0.021 ಮಿ.ಮೀ. ಅಗಲದ ಬಿಲ್ಲೆಯಾಗುತ್ತದೆ, ಅಂದರೆ ಮೂರೂವರೆ ಚುಕ್ಕೆಯಷ್ಟು. ಅಲ್ಲಿ ಹೆಸರಾಂತ ಲೆನ್ಸೂ ಸಾಧಾರಣ ಲೆನ್ಸೂ ಒಂದೇ ಪಂಕ್ತಿಯಲ್ಲಿ ಕೂರುತ್ತವೆ.

ಇಷ್ಟು ಅಗಲದ ನೋಟಕ್ಕೆ ಸೂರ್ಯ ಒಂದಲ್ಲ ಒಂದು ಕಡೆಯಿಂದ ನುಸುಳಿಯೇ ನುಸುಳುತ್ತಾನೆ. ಲೇಪನವಿಲ್ಲದ ಗಾಜಿನ ಒಂದೊಂದು ಮುಖ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆಸೆಯುತ್ತದೆ. 6 ಗುಂಪುಗಳ ಲೆನ್ಸಿನಲ್ಲಿ ಗಾಳಿಗೆ ತೆರೆದ ಮುಖ 12. ಲೇಪನ ಇಲ್ಲದಿದ್ದರೆ ಶೇ. 40ರ ಹತ್ತಿರ ಬೆಳಕು ದಾರಿ ತಪ್ಪುತ್ತಿತ್ತು. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ತೆಳು ಲೇಪನದ ವಿಧಾನ ಕಂಡುಹಿಡಿದದ್ದರಿಂದ ಬಚಾವು. ಸಂಜೆಯ ಸೂರ್ಯನನ್ನು ಚಿತ್ರದ ಅಂಚಿನ ಒಳಗೊಮ್ಮೆ, ಸ್ವಲ್ಪ ಹೊರಗೊಮ್ಮೆ ಇಟ್ಟು ತೆಗೆದ ಎರಡು ಚಿತ್ರ ಲೇಪನದ ಆರೋಗ್ಯವನ್ನು ಹೇಳುತ್ತವೆ. ನೇರ ಸೂರ್ಯನಿದ್ದಾಗ ಕಣ್ಣಿಟ್ಟು ನೋಡುವ ಕಿಂಡಿ ಬೇಡ, ಪರದೆಯಲ್ಲೇ ನೋಡಬೇಕು. ಇದನ್ನು ಮಕ್ಕಳಿಗೆ ಎರಡು ಸಲ ಹೇಳಿದರೂ ತಪ್ಪಿಲ್ಲ.

ಹಳೆಯ ಲೆನ್ಸಾದರೆ ಮಲೆನಾಡು, ಕರಾವಳಿಯವರು ಟಾರ್ಚನ್ನು ಒಂದು ಬದಿಯಿಂದ ಓರೆಯಾಗಿ ಬಿಟ್ಟು ಒಳಗೆ ಇಣುಕುವುದು ಕಡ್ಡಾಯ. ಜೇಡರ ಬಲೆಯ ಎಳೆಯಂತೆ ಕಂಡರೆ ಅದು ಬೂಷ್ಟು. ನಾಲ್ಕು ದೂಳಿನ ಕಣಗಳಿಗೆ ಹೆದರಬೇಕಿಲ್ಲ, ಅವು ಚಿತ್ರದಲ್ಲಿ ಕಾಣುವುದೂ ಇಲ್ಲ. ಬೂಷ್ಟು ಹಾಗಲ್ಲ, ಚಿತ್ರಕ್ಕೆ ಹೊಗೆ ಮುಸುಕಿದಂತೆ ಮಾಡುತ್ತದೆ, ಮಳೆಗಾಲದಲ್ಲಿ ಬೆಳೆಯುತ್ತದೆ, ಕೊನೆಗೆ ಲೇಪನವನ್ನೇ ಕೊರೆಯುತ್ತದೆ.

ತಂದೆತಾಯಿಯರಿಗೆ ತಿಳಿದಿರಬೇಕಾದ ಒಂದು ಅಳತೆ ಉಳಿದಿದೆ. 24 ಮೆಗಾಪಿಕ್ಸೆಲ್ ಚಿತ್ರ ಅಡ್ಡಕ್ಕೆ 6000 ಚುಕ್ಕೆ. 53 ಸೆಂಟಿಮೀಟರ್ ಅಗಲದಲ್ಲಿ 1920 ಚುಕ್ಕೆ ತೋರಿಸುವ ಪರದೆಯ ಮೇಲೆ ಅದನ್ನು ಪೂರ್ತಿ ಹಿಗ್ಗಿಸಿದರೆ, ಐದೂವರೆ ಅಡಿ ಅಗಲದ ಚಿತ್ರವನ್ನು ಒಂದೂವರೆ ಅಡಿ ದೂರದಿಂದ ನೋಡಿದಂತೆ. ಮಗನೋ ಮಗಳೋ ಮುಖ ಸಣ್ಣದು ಮಾಡಿಕೊಂಡು 'ಮೂಲೆ ಸರಿ ಇಲ್ಲ' ಎಂದಾಗ, ಆ ನಾಲ್ಕು ಟ್ಯಾಂಕಿನ ಚಿತ್ರಗಳನ್ನು 12 ಇಂಚು ಅಗಲಕ್ಕೆ ಅಚ್ಚು ಹಾಕಿಸಿ ಊಟದ ಮೇಜಿನ ಮೇಲೆ ಹರಡಲಿ. ಅಲ್ಲೂ ಒಂದು ಮೂಲೆ ಮಾತ್ರ ಸೋತು, ಕ್ಯಾಮೆರಾ ತಲೆಕೆಳಗಾದಾಗ ಆ ಸೋಲು ಎದುರು ಮೂಲೆಗೆ ಹೋಗಿದ್ದರೆ ಲೆನ್ಸನ್ನು ಎರಡನೆಯ ದಿನವೇ ವಾಪಸು ಕೊಡುವುದು. ನಾಲ್ಕೂ ಸಮವಾಗಿದ್ದು ಎಫ್/8ರಲ್ಲಿ ಟ್ಯಾಂಕಿನ ಏಣಿಯ ಮೆಟ್ಟಿಲು ಎಣಿಸಲು ಬಂದರೆ, ಇನ್ನು ಬೆಲೆಯ ಚೌಕಾಸಿಗೆ ಕೂರಬಹುದು.