ಕಾಸಿದರೂ ಹೋಗದ ದೋಷ

ನೀರನ್ನು ಕಾಸಿ ಆರಿಸಿ ಕುಡಿಯತಕ್ಕದ್ದೆಂದು ನಾವು ಈ ಪುಟಗಳಲ್ಲಿ ಅನೇಕಾವರ್ತಿ ಬರೆದಿದ್ದೇವೆ. ಆ ಮಾತನ್ನು ಹಿಂದೆಗೆದುಕೊಳ್ಳಲು ಈಗಲೂ ಕಾರಣವಿಲ್ಲ. ಆದರೆ ಅದಕ್ಕೊಂದು ಮೇರೆಯುಂಟೆಂಬುದನ್ನು ಇದುವರೆಗೆ ತಿಳಿಸದೆ ಹೋದದ್ದು ನಮ್ಮ ಲೋಪವೇ ಸರಿ. ಕಾಸುವುದರಿಂದ ರೋಗಾಣುಗಳು ನಾಶವಾಗುವುವು. ನೀರಿನಲ್ಲಿ ಕರಗಿದ ಸೀಸವು ನಾಶವಾಗುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಅದರ ಅಂಶವು ಹೆಚ್ಚುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ಫಟಿಕದಂತೆ ತಿಳಿಯಾದ ನೀರಿನಲ್ಲಿಯೂ ಅದು ಇರಬಹುದು.

ಅಮೇರಿಕಾ ದೇಶದ ಮಿಷಿಗನ್ ಪ್ರಾಂತದ ಫ್ಲಿಂಟ್ ಎಂಬ ಪಟ್ಟಣದಲ್ಲಿ ನಡೆದುದನ್ನು ಕೇಳಿರಿ. 2014ನೆಯ ಏಪ್ರಿಲ್ ತಿಂಗಳಲ್ಲಿ, ಹಣದ ಉಳಿತಾಯಕ್ಕೋಸ್ಕರ, ಆ ಊರಿಗೆ ಅಲ್ಲಿಯ ನದಿಯ ನೀರನ್ನೇ ಕೊಡಲಾರಂಭಿಸಿದರು. ಕೊಳವೆಗಳನ್ನು ನೀರು ತಿನ್ನದಂತೆ ಬೆರೆಸಬೇಕಾದ ದ್ರವ್ಯವನ್ನು ಬೆರೆಸಲಿಲ್ಲ. ಹಳೆಯ ಸೀಸದ ಕೊಳವೆಗಳಿಂದ ಸೀಸವು ನೀರಿಗಿಳಿಯಿತು. ಅದೇ ವರ್ಷ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ನೀರಿನಲ್ಲಿ ರೋಗಾಣುಗಳು ಕಂಡುಬಂದು, ಕಾಸಿ ಕುಡಿಯಿರೆಂದು ಅಧಿಕಾರಿಗಳು ಪ್ರಕಟಿಸಿದರು. ತಾಯಂದಿರು ಶ್ರದ್ಧೆಯಿಂದ ಕಾಸಿ ಮಕ್ಕಳಿಗೆ ಕೊಟ್ಟಿರಬೇಕು! ಆ ಶ್ರದ್ಧೆಯಿಂದ ಸೀಸದ ಕಣವೊಂದಾದರೂ ಕಡಮೆಯಾಗಲಿಲ್ಲ. ಮಕ್ಕಳ ರಕ್ತದಲ್ಲಿ ಸೀಸವು ಏರಿರುವುದನ್ನು 2015ನೆಯ ಸೆಪ್ಟೆಂಬರಿನಲ್ಲಿ ವೈದ್ಯೆ ಮೋನಾ ಹನ್ನಾ-ಅಟ್ಟಿಷಾ ಎಂಬವರು ಬಹಿರಂಗಪಡಿಸಿದರು; ಮರು ತಿಂಗಳು ಹಳೆಯ ನೀರನ್ನೇ ತಿರುಗಿ ತರಿಸಲಾಯಿತು. ಸೀಸವು ಕೆಡಿಸುವುದು ಮುಖ್ಯವಾಗಿ ಎಳೆಯ ಮಕ್ಕಳ ಮಿದುಳನ್ನು.

ನಮ್ಮ ದೇಶದ ಮಾನಕದಲ್ಲಿ ಕುಡಿಯುವ ನೀರಿನ ಒಂದು ಲೀಟರಿಗೆ 0.01 ಮಿಲಿಗ್ರಾಂ ಸೀಸವೇ ಪರಮಾವಧಿ. ಸಾವಿರ ಲೀಟರಿನ ತೊಟ್ಟಿಗೆ 10 ಮಿಲಿಗ್ರಾಂ. ಸುಮಾರು ಅರ್ಧ ಅಕ್ಕಿಕಾಳಿನ ತೂಕ! ಇಷ್ಟು ಅಲ್ಪವಾದುದನ್ನು ಇಷ್ಟು ನೀರಿನಿಂದ ಹೆಕ್ಕಿ ತೆಗೆಯುವುದು ಹೇಗೆ?

ಫ್ಲಿಂಟಿನ ಮನೆಗಳಿಗೆ ಹಂಚಿದ್ದು ಇದ್ದಿಲಿನ ಶೋಧಕಗಳನ್ನು. ನಾವು ಇಂದು ವಿವರಿಸಬೇಕೆಂದಿರುವುದು ಬಹುಮಟ್ಟಿಗೆ ಪ್ರಯೋಗಶಾಲೆಗಳಲ್ಲಿಯೇ ಉಳಿದಿರುವ ಮತ್ತೊಂದು ಉಪಾಯವನ್ನು. ಅದರ ಮೂಲದ್ರವ್ಯವು ಸಿಲಿಕಾ. ಹೆಸರು ನಮಗೆ ‘ಸಿಕತಾ’ ಶಬ್ದವನ್ನು ನೆನಪಿಗೆ ತಂದರೂ ಅದು ಲ್ಯಾಟಿನ್ ಭಾಷೆಯದು. ವಸ್ತು ಮಾತ್ರ ನಮ್ಮ ಹೊಳೆಯ ಮರಳಿನಲ್ಲಿ ಧಾರಾಳವಾಗಿ ಇರುವುದೇ. ಭತ್ತದ ಹೊಟ್ಟನ್ನು ಸುಟ್ಟ ಬೂದಿಯಲ್ಲಿಯೂ ಅದೇ ಹೆಚ್ಚು.

1992ರಲ್ಲಿ ಮೊಬಿಲ್ ಎಂಬ ಅಮೇರಿಕನ್ ತೈಲಸಂಸ್ಥೆಯ ರಸಾಯನಜ್ಞರು ಸಿಲಿಕಾದಲ್ಲಿ ಒಂದೇ ಅಳತೆಯ ಸೂಕ್ಷ್ಮರಂಧ್ರಗಳನ್ನು ಸಾಲಾಗಿ ನಿರ್ಮಿಸುವ ಕ್ರಮವನ್ನು ಪ್ರಕಟಿಸಿದರು. ಸಾಬೂನಿನಂಥ ದ್ರವ್ಯದ ಅಣುಗಳು ನೀರಿನಲ್ಲಿ ಗುಂಪುಗೂಡಿ ಕಡ್ಡಿಗಳಾಗುವುವು. ಅವುಗಳ ಸುತ್ತ ಸಿಲಿಕಾ ಗಟ್ಟಿಯಾಗುವುದು. ಆಮೇಲೆ ಕಾಯಿಸಿದರೆ ಕಡ್ಡಿಗಳು ಸುಟ್ಟುಹೋಗಿ ಜೇನುಹಟ್ಟಿಯಂತೆ ಕೊಳವೆಗಳು ಉಳಿಯುವುವು. ವಿಗ್ರಹಗಳನ್ನು ಎರೆಯುವವರು ಮೇಣದ ರೂಪಕ್ಕೆ ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ಹೊರಹಾಕಿ, ಉಳಿದ ಪೊಳ್ಳಿನಲ್ಲಿ ಲೋಹವನ್ನು ಹೊಯ್ಯುವುದಿಲ್ಲವೇ? ಕಲ್ಯಾಣದ ಚಾಲುಕ್ಯ ದೊರೆ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಈ ವಿಧಾನವು ವರ್ಣಿತವಾಗಿದೆ. ಇಲ್ಲಿ ಪೊಳ್ಳಿನ ಅಗಲವು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಎರಡು ಮೂರು ಪಾಲು ಮಾತ್ರ. ಇಂಥ ಒಂದು ಗ್ರಾಂ ಪುಡಿಯ ಒಳಗೋಡೆಗಳನ್ನೆಲ್ಲ ಹರಡಿದರೆ ಸಾವಿರ ಚದರ ಮೀಟರಿನಷ್ಟಾಗಬಹುದು; ಎಂದರೆ ಒಂದು ಚಿಟಿಕೆ ಪುಡಿಯಲ್ಲಿ ಹತ್ತು ಗುಂಟೆ ನೆಲ!

ಆದರೆ ಬರಿಯ ಗೋಡೆಯು ಲೋಹವನ್ನು ಬಲವಾಗಿ ಹಿಡಿಯಲಾರದು. ಅದಕ್ಕೆ ಕೈಗಳು ಬೇಕು. ಆ ಕೈಗಳೇ ಅಮೈನುಗಳು. ಅಮೈನ್ ಎಂಬುದು ಅಮೋನಿಯದ ದಾಯಾದಿ. ಕಲಾಯಿಯವನು ಕಾದ ಪಾತ್ರೆಗೆ ನವಸಾಗರವನ್ನು ಎರಚಿದಾಗ ಏಳುವ ಹೊಗೆಯಲ್ಲಿ ಅಮೋನಿಯವೂ ಇರುವುದು. ಮೂರು ಇಂಗಾಲದ ಪರಮಾಣುಗಳ ಒಂದು ಸರಪಳಿ. ಅದರ ಒಂದು ತುದಿಯು ಗೋಡೆಗೆ ಬೆಸೆದಿರುವುದು, ಮತ್ತೊಂದು ತುದಿಯಲ್ಲಿ ನೈಟ್ರೋಜನ್. ಈ ನೈಟ್ರೋಜನ್ನಿನ ಬಳಿ ಬೇರಾರಿಗೂ ಕೊಡದ ಒಂದು ಜೋಡಿ ಎಲೆಕ್ಟ್ರಾನುಗಳುಂಟು. ಎಲೆಕ್ಟ್ರಾನುಗಳನ್ನು ಕಳೆದುಕೊಂಡು ನೀರಿನಲ್ಲಿ ಅಲೆಯುವ ಲೋಹವು ಆ ಜೋಡಿಗೆ ಅಂಟಿಕೊಳ್ಳುವುದು. ಮೈಲುತುತ್ತದ ತಿಳಿನೀಲಿ ನೀರಿಗೆ ಅಮೋನಿಯವನ್ನು ಹೊಯ್ದಾಗ ಕಡುನೀಲಿಯಾಗುವುದನ್ನು ಶಾಲೆಯಲ್ಲಿ ಕಂಡವರು ಈ ಬಂಧನವನ್ನು ಕಣ್ಣಾರೆ ಕಂಡಂತೆಯೇ. ಅಮೈನು ತೊಡಿಸಿದ ಬಿಳಿಯ ಪುಡಿಯನ್ನು ಆ ನೀರಿಗೆ ಹಾಕಿದರೆ ಪುಡಿಯೇ ನೀಲಿಯಾಗುವುದು, ನೀರಿನ ಬಣ್ಣವು ಇಳಿಯುವುದು. ಗಡಸುನೀರಿನ ಸುಣ್ಣದ ಅಂಶವನ್ನು ಈ ಕೈಗಳು ಅಷ್ಟಾಗಿ ಲಕ್ಷಿಸುವುದಿಲ್ಲವೆಂಬುದು ದೊಡ್ಡ ಲಾಭ.

ಹಾಗೆಂದು ಇದನ್ನು ಸರ್ವದೋಷಹರವೆಂದು ಹೊಗಳಲಾರೆವು. ತಾಮ್ರವನ್ನು ಹಿಡಿದಷ್ಟು ಬಿಗಿಯಾಗಿ ಸೀಸವನ್ನು ಅಮೈನು ಹಿಡಿಯುವುದಿಲ್ಲ. ಪಾದರಸಕ್ಕೆ ಗಂಧಕದ ಕೈಗಳೇ ಮೇಲು. ಅವನ್ನು 1997ರಲ್ಲಿ ಅಮೇರಿಕಾದ ವಿಜ್ಞಾನಿಗಳು ಇಂಥದೇ ಸಿಲಿಕಾಕ್ಕೆ ತೊಡಿಸಿ ತೋರಿಸಿದರು. ನೀರು ಹುಳಿಯಾಗಿದ್ದರೆ ಅಮೈನುಗಳು ಆಮ್ಲದ ಹೈಡ್ರೋಜನ್ನನ್ನೇ ಹಿಡಿದು ಲೋಹವನ್ನು ಬಿಟ್ಟುಬಿಡುವುವು. ಕ್ಷಾರವು ಮಿತಿಮೀರಿದರೆ ಸಿಲಿಕಾವೇ ಕರಗತೊಡಗುವುದು. ಮೊದಲನೆಯ ದೋಷವು ಒಂದು ವಿಧದಲ್ಲಿ ಗುಣವೂ ಹೌದು. ತುಂಬಿದ ಪುಡಿಯನ್ನು ಆಮ್ಲದಲ್ಲಿ ತೊಳೆದರೆ ಲೋಹವು ಕಳಚಿಬೀಳುವುದು. ಪುಡಿಯನ್ನು ಮತ್ತೆ ಉಪಯೋಗಿಸಬಹುದು. ಆದರೆ ತೊಳೆದ ಆ ಆಮ್ಲವನ್ನು ಎಲ್ಲಿಗೆ ಚೆಲ್ಲುವುದು? ನೂರು ಕೊಡಗಳಲ್ಲಿ ಹರಡಿದ್ದ ವಿಷವು ಈಗ ಒಂದು ಚೊಂಬಿನಲ್ಲಿದೆ. ಅದನ್ನು ಚರಂಡಿಗೆ ಸುರಿದರೆ ನೆರೆಯವರ ಬಾವಿಗೆ ಕಳುಹಿಸಿದಂತೆಯೇ ಆಯಿತು. ಇಂಥ ಪುಡಿಯು ಮುಂದೆ ಅಂಗಡಿಗೆ ಬಂದಾಗ, ಬೆಲೆಯನ್ನು ಕೇಳುವುದಕ್ಕೆ ಮೊದಲು, ತುಂಬಿದ ಪುಡಿಯನ್ನು ಹಿಂದಕ್ಕೆ ಪಡೆಯುವಿರಾ ಎಂದು ವ್ಯಾಪಾರಿಯನ್ನು ಕೇಳತಕ್ಕದ್ದು.

ಅಲ್ಲಿಯವರೆಗೆ ಗೃಹಸ್ಥರು ಮಾಡಬಹುದಾದುದಿಷ್ಟು. ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ನೀರನ್ನು ಬೆಳಗ್ಗೆ ಕುಡಿಯಲು ಹಿಡಿಯದೆ ಪಾತ್ರೆ ತೊಳೆಯುವುದಕ್ಕೋ ಗಿಡಕ್ಕೋ ಬಿಡಬೇಕು. ಅಡಿಗೆಗೆ ತಣ್ಣೀರನ್ನೇ ಹಿಡಿದು ಬೇರೆಯಾಗಿ ಕಾಸಬೇಕು. ಬಿಸಿನೀರಿನ ನಲ್ಲಿಯದು ಬೇಡ, ಬಿಸಿನೀರು ಲೋಹವನ್ನು ಹೆಚ್ಚಾಗಿ ಕರಗಿಸುವುದು. ಕಲಾಯಿಗೆ ಸೀಸ ಬೆರೆಸದ ಶುದ್ಧ ತವರವನ್ನೇ ಹಾಕಿಸಬೇಕು. ನೀರನ್ನು ಪರೀಕ್ಷೆಗೆ ಕಳುಹಿಸುವಾಗ ಲೋಹಗಳನ್ನೂ ನೋಡಿರೆಂದು ಚೀಟಿಯಲ್ಲಿ ಬರೆಯುವುದನ್ನು ಮರೆಯಬಾರದು. ರೋಗಾಣುಗಳ ಪರೀಕ್ಷೆಯೇ ಬೇರೆ, ಇದೇ ಬೇರೆ.