ಈಸ್ಟರ್ ತಾರೀಕು ಓಡಾಡಲಿ ಬಿಡಿ



ವರ್ಷದ ಕಾರ್ಯಕ್ರಮಗಳ ಪಟ್ಟಿ ಮಾಡಲು ಕುಳಿತಾಗಲೆಲ್ಲ ಒಂದು ಮಾತು ಬಂದೇ ಬರುತ್ತದೆ: "ಕ್ರಿಸ್ಮಸ್ ಹಾಗೆ ಈಸ್ಟರಿಗೂ ಒಂದು ತಾರೀಕು ಗಟ್ಟಿ ಮಾಡಬಾರದಾ? ಒಮ್ಮೆ ಮಾರ್ಚ್, ಒಮ್ಮೆ ಏಪ್ರಿಲ್, ಇದೆಂಥ ಲೆಕ್ಕ?" ಇದಕ್ಕೆ ತಲೆಯಾಡಿಸುವವರು ಹೆಚ್ಚುತ್ತಿದ್ದಾರೆ. ನಾನು ಒಪ್ಪುವುದಿಲ್ಲ.

ಲೆಕ್ಕ ಇದೆ, ಕಷ್ಟವೂ ಅಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಹಿಡಿಯಿರಿ. ಅದು ಕಳೆದ ಮೇಲಿನ ಭಾನುವಾರವೇ ಈಸ್ಟರ್. (ಧರ್ಮಸಭೆ ಹುಣ್ಣಿಮೆಯನ್ನು ಕೋಷ್ಟಕದಿಂದ ಎಣಿಸುತ್ತದೆ, ಆಕಾಶ ನೋಡಿ ಅಲ್ಲ. ಹಾಗಾಗಿ ಕೆಲವೊಮ್ಮೆ ಆಚೀಚೆ ಆಗುವುದುಂಟು.) ಮಾರ್ಚ್ 22ಕ್ಕಿಂತ ಮೊದಲು ಬರುವುದಿಲ್ಲ, ಏಪ್ರಿಲ್ 25 ದಾಟುವುದಿಲ್ಲ. ಕಳೆದ ವರ್ಷ ಹುಣ್ಣಿಮೆ ಏಪ್ರಿಲ್ 13ರ ಭಾನುವಾರವೇ ಬಿದ್ದ ಕಾರಣ ಹಬ್ಬ ಒಂದು ವಾರ ಮುಂದಕ್ಕೆ, 20ಕ್ಕೆ ಹೋಯಿತು. ಈ ವರ್ಷ, 2026ರಲ್ಲಿ, ಏಪ್ರಿಲ್ 2 ಹುಣ್ಣಿಮೆ, 5 ಈಸ್ಟರ್.

ಏಪ್ರಿಲ್ 2 ಅಂದರೆ ಪವಿತ್ರ ಗುರುವಾರ. ರಾತ್ರಿ ಆರಾಧನೆ ಮುಗಿಸಿ ಹೊರಗೆ ಬಂದರೆ ತೆಂಗಿನ ತೋಟದ ಮೇಲೆ ತುಂಬು ಚಂದ್ರ. ಗೆತ್ಸೆಮನಿ ತೋಟದ ರಾತ್ರಿಯೂ ಹಾಗೇ ಇದ್ದಿರಬೇಕು, ಯಾಕೆಂದರೆ ಯೆಹೂದ್ಯರ ಪಾಸ್ಖ ಹುಣ್ಣಿಮೆಯ ಹಬ್ಬ. ಈಗ "ಏಪ್ರಿಲ್ ಎರಡನೇ ಭಾನುವಾರ" ಎಂದು ಗಟ್ಟಿ ಮಾಡಿ ನೋಡಿ. ಈ ವರ್ಷ ಅದು 12. ಅದರ ಹಿಂದಿನ ಗುರುವಾರ ಚಂದ್ರ ಅರ್ಧವಾಗಿರುತ್ತಾನೆ, ಏಳುವುದೇ ನಡುರಾತ್ರಿ ಹೊತ್ತಿಗೆ.

ನಾವಿರುವುದು ಕಾಸರಗೋಡಿನಲ್ಲಿ, ಮಾರಾಯ್ರೇ! ನೆರೆಮನೆಯ ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಯುಗಾದಿ ಚಂದ್ರನ ಲೆಕ್ಕದಲ್ಲಿ ಬರುತ್ತದೆ, ಅಧಿಕ ಮಾಸ ಸೇರಿಸಿಕೊಂಡು. ವಿಷು ಸೂರ್ಯನ ಲೆಕ್ಕ. ಅವರು ಯಾರೂ ಗೊಣಗುವುದಿಲ್ಲ. ಇನ್ನೊಂದು ಗಮನಿಸಿ: ಬೂದಿ ಬುಧವಾರ ಈಸ್ಟರಿಗಿಂತ 46 ದಿನ ಮೊದಲು. ಹುಣ್ಣಿಮೆಯಿಂದ ಒಂದೂವರೆ ಚಾಂದ್ರಮಾಸ ಹಿಂದೆ ಹೋದರೆ ಸಿಗುವುದು ಅಮಾವಾಸ್ಯೆ, ಅದರ ಆಸುಪಾಸಿನಲ್ಲೇ ಬೂದಿ ಬುಧವಾರ. 2025ರಲ್ಲೂ ಈ ವರ್ಷವೂ ಅವರ ಉಪವಾಸ, ನಮ್ಮ ಉಪವಾಸ ಒಂದೇ ವಾರ ಶುರುವಾಗುವುದು ಇದರಿಂದಲೇ. ತಾರೀಕು ಗಟ್ಟಿಯಾದರೆ ಇದೂ ಇಲ್ಲ.

ಎಲ್ಲ ಹಬ್ಬವೂ ಚಂದ್ರನ ಹಿಂದೆ ಓಡುವುದಿಲ್ಲ. ನಮ್ಮ ಜಿಲ್ಲೆಯ ಮೂರು ಇಗರ್ಜಿಗಳನ್ನೇ ನೋಡಿ. ವರ್ಕಾಡಿಯ ಯೇಸುವಿನ ಪವಿತ್ರ ಹೃದಯದ ಹಬ್ಬ ಈಸ್ಟರನ್ನು ಹಿಡಿದು ನಡೆಯುತ್ತದೆ. ಈ ವರ್ಷ ಜೂನ್ 12, ಮಳೆಗಾಲದಲ್ಲಿ. ಕಯ್ಯಾರಿನ ಕ್ರಿಸ್ತರಾಜರ ಹಬ್ಬ ಆಗಮನ ಕಾಲಕ್ಕೆ ಮುಂಚಿನ ಭಾನುವಾರ, ನವೆಂಬರ್ 22. ಬೇಳದ ಶೋಕಮಾತೆಯ ಹಬ್ಬ ಯಾವಾಗಲೂ ಸೆಪ್ಟೆಂಬರ್ 15. ಅದೂ ಮೊದಲು ಭಾನುವಾರಕ್ಕೆ ಸೇರಿದ್ದು, 1913ರಲ್ಲಿ ಹತ್ತನೇ ಪಿಯೂಸ್ ಈ ತಾರೀಕಿಗೆ ತಂದರು.

ಎದುರು ವಾದದಲ್ಲಿ ಹುರುಳಿಲ್ಲ ಎನ್ನುವುದಿಲ್ಲ. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೆ ಬಂತು. ಹಣಕಾಸು ವರ್ಷದ ಕೊನೆಯ ದಿನ ಎಂದು ಸರ್ಕಾರಿ ವಹಿವಾಟಿನ ಬ್ಯಾಂಕ್ ಶಾಖೆಗಳು ತೆರೆದಿರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಬ್ಯಾಂಕಿನಲ್ಲಿರುವ ನಮ್ಮವರಿಗೆ ಬೇಸರವಾಗದೆ ಇರುತ್ತದೆಯೇ? ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1963ರಲ್ಲಿ, ಒಂದು ನಿಶ್ಚಿತ ಭಾನುವಾರಕ್ಕೆ ತನ್ನ ವಿರೋಧವಿಲ್ಲ ಎಂದಿದೆ. ಆದರೆ ಇತರ ಕ್ರೈಸ್ತ ಸಭೆಗಳೂ ಒಪ್ಪಿದರೆ ಮಾತ್ರ. ಎಲ್ಲರೂ ಒಂದೇ ದಿನ ಪುನರುತ್ಥಾನ ಆಚರಿಸಲೆಂದು ಬದಲಾಯಿಸುವುದಾದರೆ ನಾನೂ ಕೈ ಎತ್ತುತ್ತೇನೆ. ಗ್ರೌಂಡ್ ಬುಕಿಂಗಿಗೋಸ್ಕರ ಅಲ್ಲ.

ಹೌದು, ನಮ್ಮಲ್ಲಿ ಈ ಮಾತು ಶುರುವಾದದ್ದೇ ಕ್ರಿಕೆಟ್ ಟೂರ್ನಮೆಂಟಿನಿಂದ. "ಪ್ರತಿ ವರ್ಷ ಮಾರ್ಚ್ ಮೂರನೇ ಭಾನುವಾರ ಇಡೋಣ, ತಪಸ್ಸು ಕಾಲ ಬಂದ ವರ್ಷ ನೋಡಿಕೊಳ್ಳೋಣ" ಎಂಬ ಸಲಹೆ ಇದೆ. ನೋಡಿಕೊಳ್ಳಲು ಏನೂ ಇಲ್ಲ. ಆ ಭಾನುವಾರ 15ರಿಂದ 21ರೊಳಗೆ ಬರುತ್ತದೆ. ಬೂದಿ ಬುಧವಾರ ಎಷ್ಟು ತಡವಾದರೂ ಮಾರ್ಚ್ 10, ಈಸ್ಟರ್ ಎಷ್ಟು ಬೇಗ ಬಂದರೂ 22. ಒಂದು ವರ್ಷವೂ ಅದು ತಪಸ್ಸು ಕಾಲದ ಹೊರಗೆ ಬೀಳುವುದಿಲ್ಲ. ಈಸ್ಟರ್ ಕಳೆದು ಎರಡನೇ ಭಾನುವಾರ ಎಂದು ಬರೆದುಕೊಳ್ಳಿ. ಈ ವರ್ಷ ಅದು ಏಪ್ರಿಲ್ 19, ಪರೀಕ್ಷೆಯೂ ಮುಗಿದಿರುತ್ತದೆ.